ಗಡ್ಡೆಯ ರಸಾಯನ ಓದುವ ಗೆರೆ

ಫಿಟ್ಸ್ ಬಂದೋ, ವಾರಗಟ್ಟಲೆ ಬಿಡದ ತಲೆನೋವಿಗೋ ಮಿದುಳಿನ ಎಂಆರ್‌ಐ ಮಾಡಿಸಿದವರ ವರದಿಯಲ್ಲಿ ಈಚೀಚೆಗೆ ಒಂದು ಸಾಲು ಕಾಣಿಸಿಕೊಳ್ಳುತ್ತಿದೆ: ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೋಲೀನ್ ಏರಿದೆ, ಎನ್‌ಎಎ ಇಳಿದಿದೆ. ಫಿಲ್ಮಿನ ಮೂಲೆಯಲ್ಲಿ ಏರಿ ಇಳಿಯುವ ಒಂದು ಗೆರೆಯೂ ಅಚ್ಚಾಗಿರುತ್ತದೆ. ವರದಿ ಸಂಜೆ ಕೈಗೆ ಬರುತ್ತದೆ. ಡಾಕ್ಟರು ಸಿಗುವುದು ನಾಳೆಯೋ ನಾಡಿದ್ದೋ. ಅಷ್ಟರೊಳಗೆ ಮನೆಯ ಯಾರೋ ಆ ಎರಡು ಪದಗಳನ್ನು ಮೊಬೈಲಿಗೆ ಹಾಕಿ ಹುಡುಕಿರುತ್ತಾರೆ. ಕೋಲೀನ್ ಹೆಚ್ಚಾದರೆ ಕ್ಯಾನ್ಸರ್ ಎಂಬ ಉತ್ತರ ಸಿಕ್ಕಿರುತ್ತದೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಗೆರೆ ಒಬ್ಬ ಸಾಕ್ಷಿಯಿದ್ದ ಹಾಗೆ. ಸರಿಯಾದ ಪ್ರಶ್ನೆ ಕೇಳಿದರೆ ಖಚಿತವಾಗಿ ಹೇಳುತ್ತದೆ, ಅಡ್ಡಾದಿಡ್ಡಿ ಕೇಳಿದರೆ ತಡವರಿಸುತ್ತದೆ, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ತೀರ್ಪು ಕೊಡುವ ಅಧಿಕಾರವಂತೂ ಅದಕ್ಕಿಲ್ಲ.

ಮಾಮೂಲಿ ಎಂಆರ್‌ಐ ನಮಗೆ ಕೊಡುವುದು ಚಿತ್ರ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಸುತ್ತ ಎಷ್ಟು ಊತವಿದೆ, ಬಣ್ಣದ ಇಂಜೆಕ್ಷನ್ ಕೊಟ್ಟಾಗ ಎಲ್ಲಿ ಹೊಳೆಯುತ್ತದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಆದರೆ ಗಡ್ಡೆಯಾಗಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಕೀವು ತುಂಬಿದ ಬಾವು, ಟಿಬಿಯ ಗಂಟು, ಲಾಡಿಹುಳುವಿನ ಮರಿ ಹೊಕ್ಕ ಚೀಲ, ನರಗಳ ಹೊದಿಕೆ ಕಳಚಿದ ಜಾಗ, ಹಿಂದೆ ಕೊಟ್ಟ ರೇಡಿಯೇಶನ್‌ನಿಂದ ಸತ್ತ ಅಂಗಾಂಶ ಇವೆಲ್ಲವೂ ಉಂಗುರದ ಹಾಗೆ ಹೊಳೆಯಬಲ್ಲವು. ಆಕಾರ ಒಂದೇ ಆದಾಗ ಒಳಗೇನಿದೆ ಎಂದು ತಿಳಿಯುವುದು ಹೇಗೆ? ತಲೆಬುರುಡೆ ಕೊರೆದು ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡುವುದು ಒಂದು ದಾರಿ. ಸ್ಪೆಕ್ಟ್ರೋಸ್ಕೋಪಿ ಹುಡುಕುವುದು ಇನ್ನೊಂದು ದಾರಿ: ಬುರುಡೆ ಮುಟ್ಟದೆ, ಅದೇ ಎಂಆರ್‌ಐ ಯಂತ್ರದಲ್ಲಿ ಮಲಗಿಸಿದ ಹಾಗೇ, ಗಡ್ಡೆಯೊಳಗೆ ಯಾವ ಯಾವ ರಾಸಾಯನಿಕಗಳು ಎಷ್ಟೆಷ್ಟಿವೆ ಎಂದು ಕೇಳುವುದು.

ಈ ವಿದ್ಯೆಗೆ ಬೀಜ ಬಿದ್ದದ್ದು ಭೌತವಿಜ್ಞಾನಿಗಳಿಗೆ ಬೇಡವಾಗಿದ್ದ ಒಂದು ಕಿರಿಕಿರಿಯಿಂದ. ಪರಮಾಣುವಿನ ಬೀಜಕೇಂದ್ರಗಳನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅವು ನಿರ್ದಿಷ್ಟ ರೇಡಿಯೊ ಕಂಪನಾಂಕಕ್ಕೆ ಮಾತ್ರ ಓಗೊಡುತ್ತವೆ (ಇದಕ್ಕೇ ಅನುರಣನ ಎನ್ನುವುದು) ಎಂಬುದನ್ನು 1946ರಲ್ಲಿ ಸ್ಟ್ಯಾನ್‌ಫರ್ಡ್‌ನ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್ ಬೇರೆಬೇರೆಯಾಗಿ ಪ್ರಕಟಿಸಿದರು. 1952ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಆಗ ಎಲ್ಲರ ಆಸೆ ಒಂದೇ. ಪ್ರತಿ ಧಾತುವಿನ ಬೀಜಕೇಂದ್ರದ ಕಾಂತಗುಣವನ್ನು ನಿಖರವಾಗಿ ಅಳೆದು ಪಟ್ಟಿ ಮಾಡುವುದು. 1950ರಲ್ಲಿ ಬ್ಲಾಕ್ ಅವರ ಪ್ರಯೋಗಾಲಯದಲ್ಲೇ ಪ್ರಾಕ್ಟರ್ ಮತ್ತು ಯೂ ಎಂಬ ಇಬ್ಬರು ಸಾರಜನಕವನ್ನು ಅಳೆಯಲು ಕುಳಿತರು. ಅಮೋನಿಯಂ ನೈಟ್ರೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅದರಲ್ಲಿ ಸಾರಜನಕವೂ ಧಾರಾಳ ಎಂದು ಅದನ್ನೇ ಆರಿಸಿಕೊಂಡರು. ಒಂದು ಗೆರೆ ಬರಬೇಕಾದಲ್ಲಿ ಎರಡು ಬಂದವು. ಅಮೋನಿಯಂನಲ್ಲಿರುವ ಸಾರಜನಕ ಒಂದು ಕಡೆ, ನೈಟ್ರೇಟಿನಲ್ಲಿರುವುದು ಇನ್ನೊಂದು ಕಡೆ! ಬೀಜಕೇಂದ್ರ ಒಂದೇ ಆದರೂ ಅದು ಯಾವ ಅಣುವಿನೊಳಗೆ ಕೂತಿದೆ ಎಂಬುದರ ಮೇಲೆ ಸುತ್ತಲ ಎಲೆಕ್ಟ್ರಾನುಗಳ ಮರೆ ಬದಲಾಗುತ್ತದೆ, ಕಂಪನಾಂಕ ಕೂದಲೆಳೆಯಷ್ಟು ಸರಿಯುತ್ತದೆ. ಶುದ್ಧ ಸಂಖ್ಯೆಗಾಗಿ ಹೊರಟಿದ್ದ ಭೌತವಿಜ್ಞಾನಿಗಳಿಗೆ ಇದು ಅಡ್ಡಿ. ರಸಾಯನ ವಿಜ್ಞಾನಿಗಳಿಗೆ ಮಾತ್ರ ನಿಧಿ ಸಿಕ್ಕಿತ್ತು.

ಮರುವರ್ಷ, 1951ರಲ್ಲಿ, ಅದೇ ಸ್ಟ್ಯಾನ್‌ಫರ್ಡ್‌ನಿಂದ ಇನ್ನೊಂದು ಪುಟ್ಟ ಪ್ರಬಂಧ ಬಂತು. ಈಥೈಲ್ ಆಲ್ಕೊಹಾಲಿನ ಹೈಡ್ರೋಜನ್‌ಗಳು ಮೂರು ಗುಂಪುಗಳಾಗಿ, 3:2:1ರ ಅನುಪಾತದಲ್ಲಿ, ಮೂರು ಪ್ರತ್ಯೇಕ ಶಿಖರಗಳಾಗಿ ಕಂಡಿದ್ದವು. ಆ ಪ್ರಬಂಧದ ಮೂವರು ಲೇಖಕರು ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್. ನಡುವಿನ ಹೆಸರಿನ ಎಸ್.ಎಸ್. ಧರ್ಮಟ್ಟಿ ಮುಂದೆ ಭಾರತಕ್ಕೆ ಮರಳಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ತಂಡ ಕಟ್ಟಿದವರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇನ್ನಷ್ಟು ಕಾಣಬೇಕಿತ್ತು ಅನ್ನಿಸುತ್ತದೆ. ಬೆಂಗಳೂರಿನ ಪಾಲೂ ಸಣ್ಣದಲ್ಲ. ನಾವು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು 1951ರಲ್ಲೇ ಹರಿಯುವ ದ್ರವದ ಅನುರಣನ ಸಂಜ್ಞೆ ಹೇಗೆ ಬದಲಾಗುತ್ತದೆಂದು ತೋರಿಸಿದ್ದರು. ರಕ್ತನಾಳಗಳ ಎಂಆರ್ ಚಿತ್ರಗಳ ಹಿಂದಿರುವ ತತ್ತ್ವ ಅದು. ಇದೇ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಅನಿಲ್ ಕುಮಾರ್, ಅದಕ್ಕೂ ಮೊದಲು ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಜೊತೆ 1975ರಲ್ಲಿ ಬರೆದ ಪ್ರಬಂಧ ಇಂದಿನ ಎಂಆರ್‌ಐ ಚಿತ್ರ ಮೂಡಿಸುವ ಗಣಿತದ ಬುನಾದಿಗಳಲ್ಲೊಂದು.

ಆಸ್ಪತ್ರೆಯ ಮಟ್ಟಿಗೆ ಇತಿಹಾಸ ಇಷ್ಟು ಸಾಕು. 1980ರ ದಶಕದ ಮಧ್ಯದ ಹೊತ್ತಿಗೆ ಮಿದುಳಿನ ಒಳಗೆ ಒಂದು ಚೌಕ ಗುರುತಿಸಿ ಅಲ್ಲಿಂದ ಮಾತ್ರ ಸಂಜ್ಞೆ ಹೆಕ್ಕುವ ತಂತ್ರಗಳು ಸಿದ್ಧವಾದವು. 1989ರಲ್ಲಿ ಜರ್ಮನಿಯ ಗೊಟ್ಟಿಂಗೆನ್ ತಂಡ ಮಿದುಳು ಗಡ್ಡೆಯ ರೋಗಿಗಳಲ್ಲಿ ಬೇರೆ ಬೇರೆ ಗಡ್ಡೆಗಳ ಗೆರೆ ಬೇರೆ ಬೇರೆಯಾಗಿರುತ್ತದೆಂದು ವರದಿ ಮಾಡಿತು.

ಯಂತ್ರದೊಳಗೆ ನಡೆಯುವುದೇನು? ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಈಗಿರುವುದು 1.5 ಇಲ್ಲವೇ 3 ಟೆಸ್ಲಾ ಯಂತ್ರಗಳು; ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ. 3 ಟೆಸ್ಲಾದಲ್ಲಿ ಹೈಡ್ರೋಜನ್ ಬೀಜಕೇಂದ್ರಗಳು ಸುಮಾರು 128 ಮೆಗಾಹರ್ಟ್ಸ್‌ಗೆ ಓಗೊಡುತ್ತವೆ. ನಮ್ಮ ಎಫ್‌ಎಂ ರೇಡಿಯೊ ಪಟ್ಟಿ 108ಕ್ಕೆ ಮುಗಿಯುತ್ತದಲ್ಲ, ಅದಕ್ಕಿಂತ ತುಸು ಮೇಲೆ. ಹೊರಗಿನ ರೇಡಿಯೊ ಅಲೆ ನುಸುಳದಂತೆ ಎಂಆರ್‌ಐ ಕೋಣೆಯ ಗೋಡೆಗೆಲ್ಲ ಲೋಹದ ಹೊದಿಕೆ ಹಾಕುವುದು ಇದಕ್ಕೇ. ಈ 128 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನ ವ್ಯತ್ಯಾಸವನ್ನು ಒಂದು ಪಿಪಿಎಂ ಎನ್ನುತ್ತಾರೆ, ಅಂದರೆ 128 ಹರ್ಟ್ಸ್. ವರದಿಯಲ್ಲಿರುವ ಗೆರೆಯ ಅಡಿಯಲ್ಲಿ 4, 3, 2, 1 ಎಂದು ಬರೆದಿರುವುದು ಈ ಪಿಪಿಎಂ ಸಂಖ್ಯೆಯನ್ನೇ. ಬಲದಿಂದ ಎಡಕ್ಕೆ ಏರುವ ಸಂಖ್ಯೆಗಳು. ರಸಾಯನ ವಿಜ್ಞಾನಿಗಳ ಹಳೆಯ ರೂಢಿ ಹಾಗೇ ಉಳಿದುಬಿಟ್ಟಿದೆ.

ಎನ್‌ಎಎ ಶಿಖರ 2.0ರಲ್ಲಿ, ಕ್ರಿಯಾಟಿನ್ 3.0ರಲ್ಲಿ, ಕೋಲೀನ್ 3.2ರಲ್ಲಿ. ಅಂದರೆ ಕ್ರಿಯಾಟಿನ್‌ಗೂ ಕೋಲೀನ್‌ಗೂ ನಡುವಿನ ಅಂತರ 128 ಮೆಗಾಹರ್ಟ್ಸ್‌ನಲ್ಲಿ ಬರೀ ಇಪ್ಪತ್ತೈದು ಹರ್ಟ್ಸ್ ಚಿಲ್ಲರೆ. ಚೌಕದೊಳಗಿನ ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿರದಿದ್ದರೆ ಇವೆರಡೂ ಕಲಸಿಹೋಗುತ್ತವೆ. ಜೊತೆಗೆ ಇನ್ನೊಂದು ತೊಡಕು. ಮಿದುಳಿನಲ್ಲಿ ಹೆಚ್ಚಿನ ಪಾಲು ನೀರು. ಅದರ ಸಂಜ್ಞೆ ಈ ಸೂಕ್ಷ್ಮ ರಾಸಾಯನಿಕಗಳ ಸಂಜ್ಞೆಗಿಂತ ಸಾವಿರಾರು ಪಟ್ಟು ದೊಡ್ಡದು. ಮೊದಲು ನೀರನ್ನು ಆರಿಸಿ ಅದುಮಿ, ಬಳಿಕವೇ ಉಳಿದವನ್ನು ಕೇಳಬೇಕು. ಕೇಳಿದ್ದು ದುರ್ಬಲವಾದ್ದರಿಂದ ನೂರಾರು ಸಲ ಕೇಳಿ ಒಟ್ಟುಗೂಡಿಸಬೇಕು. ಹೀಗಾಗಿ ಒಂದೇ ಚೌಕಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಇಡೀ ಗಡ್ಡೆಯ ಮೇಲೆ ಹಲವು ಚೌಕಗಳ ಜಾಲ ಹರಡಿದರೆ ಇನ್ನೂ ಹೆಚ್ಚು. ಚೌಕ ತೀರ ಚಿಕ್ಕದಾದರೆ ಸಂಜ್ಞೆ ಸಾಲದು. ವಾಡಿಕೆಯಲ್ಲಿ ಬದಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಚಿತ್ರದಲ್ಲಿ ಒಂದು ಮಿಲಿಮೀಟರಿನ ವಿವರ ಕಾಣುವ ಯಂತ್ರವೇ ರಸಾಯನ ಕೇಳುವಾಗ ಇಷ್ಟು ಒರಟಾಗುತ್ತದೆ.

ಈಗ ಆ ಶಿಖರಗಳ ಹಿಂದಿರುವವರ ಪರಿಚಯ. ಎನ್‌ಎಎ, ಪೂರ್ತಿ ಹೆಸರು ಎನ್-ಅಸಿಟೈಲ್ ಆಸ್ಪಾರ್ಟೇಟ್. 1956ರಲ್ಲಿ ಬೆಕ್ಕಿನ ಮಿದುಳಿನಲ್ಲಿ ಮೊದಲು ಪತ್ತೆಯಾದ ಈ ವಸ್ತು ತಯಾರಾಗುವುದು ಮುಖ್ಯವಾಗಿ ನರಕೋಶಗಳಲ್ಲಿ. ಆರೋಗ್ಯವಂತ ವಯಸ್ಕರ ಮಿದುಳಿನ ಗೆರೆಯಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಇದರದ್ದೇ. ನರಕೋಶಗಳು ಸತ್ತರೆ ಅಥವಾ ಅವುಗಳ ಜಾಗವನ್ನು ಬೇರೇನೋ ಆಕ್ರಮಿಸಿದರೆ ಇದು ಕುಸಿಯುತ್ತದೆ. ಕ್ರಿಯಾಟಿನ್ ಕೋಶಗಳ ಶಕ್ತಿವ್ಯವಹಾರದ ವಸ್ತು. ಅಷ್ಟಾಗಿ ಏರಿಳಿಯದ್ದೆಂದು ಉಳಿದವನ್ನು ಅದಕ್ಕೆ ಹೋಲಿಸಿ ಅಳೆಯುವುದುಂಟು. ಗಡ್ಡೆಯಲ್ಲಿ ಅದೂ ಏರಿಳಿಯುತ್ತದೆ ಎಂಬುದನ್ನು ಅನುಪಾತ ನೋಡುವವರು ಮರೆಯಬಾರದು. ಕೋಲೀನ್ ಇರುವುದು ಕೋಶದ ಪೊರೆಯ ಸಾಮಗ್ರಿಯಲ್ಲಿ. ಕೋಶಗಳು ಬಿರುಸಿನಿಂದ ವಿಭಜನೆಯಾಗುವಾಗ ಪೊರೆ ಕಟ್ಟುವ, ಒಡೆಯುವ ಕೆಲಸ ಜೋರಾಗಿ ನಡೆದು ಕೋಲೀನ್ ಶಿಖರ ಏರುತ್ತದೆ. ಲ್ಯಾಕ್ಟೇಟ್ 1.3ರಲ್ಲಿ ಜೋಡಿ ಮೊನೆಯಾಗಿ ಬರುತ್ತದೆ. ಆಮ್ಲಜನಕ ಸಾಲದ, ಇಲ್ಲವೇ ಆಮ್ಲಜನಕವಿದ್ದೂ ಸಕ್ಕರೆಯನ್ನು ಅರೆಬರೆ ಉರಿಸುವ ಕೋಶಗಳ ಗುರುತು ಅದು. ಕ್ಯಾನ್ಸರ್ ಕೋಶಗಳ ಈ ಎರಡನೆಯ ಚಾಳಿಯನ್ನು 1920ರ ದಶಕದಲ್ಲೇ ಜರ್ಮನಿಯ ಓಟೊ ವಾರ್‌ಬರ್ಗ್ ಗಮನಿಸಿದ್ದರು. ಅದೇ ಜಾಗದಲ್ಲಿ ಕೊಬ್ಬಿನ ಅಗಲವಾದ ಶಿಖರವೂ ಬರುವುದರಿಂದ ಗೊಂದಲ. ಅದನ್ನು ಬಿಡಿಸಲು ಒಂದು ಚಂದದ ಉಪಾಯವಿದೆ. ಸಂಜ್ಞೆ ಕೇಳುವ ಮುನ್ನ ಕಾಯುವ ಸಮಯವನ್ನು ಸುಮಾರು 140 ಮಿಲಿಸೆಕೆಂಡಿಗೆ ಹೊಂದಿಸಿದರೆ ಲ್ಯಾಕ್ಟೇಟ್ ತಲೆಕೆಳಗಾಗಿ ಗೆರೆಯ ಕೆಳಗೆ ಇಳಿಯುತ್ತದೆ, ಕೊಬ್ಬು ಇಳಿಯುವುದಿಲ್ಲ.

ಮಿದುಳಿನಲ್ಲೇ ಹುಟ್ಟುವ ಗ್ಲಯೋಮಾ ಎಂಬ ಗಡ್ಡೆಯ ಗಟ್ಟಿ ಭಾಗದಲ್ಲಿ ಕೋಲೀನ್ ಏರಿ, ಎನ್‌ಎಎ ಕುಸಿದು, ಗೆರೆ ಆರೋಗ್ಯವಂತರದ್ದಕ್ಕೆ ತದ್ವಿರುದ್ಧವಾಗಿ ವಾಲುತ್ತದೆ. ಗ್ಲಯೋಬ್ಲಾಸ್ಟೋಮಾ ಎಂಬ ಅತಿ ಉಗ್ರ ಗಡ್ಡೆಯ ನಡುಭಾಗ ಸತ್ತಿರುವುದರಿಂದ ಅಲ್ಲಿ ಕೊಬ್ಬು, ಲ್ಯಾಕ್ಟೇಟ್ ಕೂಡ. ಮಿದುಳಿನ ಹೊರಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ನರಕೋಶಗಳ ಕುಲದ್ದೇ ಅಲ್ಲವಾದ್ದರಿಂದ ಅದರಲ್ಲಿ ಎನ್‌ಎಎ ಇರುವುದಿಲ್ಲ; ಕೆಲವದರಲ್ಲಿ 1.5ರ ಬಳಿ ಅಲಾನಿನ್ ಕಾಣುತ್ತದೆ. ಮಕ್ಕಳ ಕಿರಿಮಿದುಳಿನ ಮೆಡುಲೋಬ್ಲಾಸ್ಟೋಮಾದಲ್ಲಿ ಟಾರೀನ್ ಎಂಬ ವಸ್ತು 3.4ರಲ್ಲಿ ಇಣುಕುತ್ತದೆ. ಬೇರೆಡೆಯ ಕ್ಯಾನ್ಸರ್ ಮಿದುಳಿಗೆ ಹರಡಿದ್ದೋ, ಮಿದುಳಿನಲ್ಲೇ ಹುಟ್ಟಿದ್ದೋ ಎಂಬ ಪ್ರಶ್ನೆಗೆ ಗಡ್ಡೆಯೊಳಗಿನ ಗೆರೆಗಿಂತ ಅದರ ಹೊರಗಿನ ಊತದ ಜಾಗದ ಗೆರೆ ಹೆಚ್ಚು ಹೇಳುತ್ತದೆ. ಹರಡಿ ಬಂದ ಗಡ್ಡೆ ತನ್ನ ಗಡಿಯೊಳಗೇ ಉಳಿಯುತ್ತದೆ, ಸುತ್ತಲದ್ದು ಬರೀ ನೀರೂತ. ಗ್ಲಯೋಬ್ಲಾಸ್ಟೋಮಾ ಹಾಗಲ್ಲ, ಚಿತ್ರದಲ್ಲಿ ಕಾಣದ ಬೇರುಗಳನ್ನು ಸುತ್ತಲೂ ಚಾಚಿರುತ್ತದೆ, ಅಲ್ಲೂ ಕೋಲೀನ್ ಏರಿರುತ್ತದೆ.

ನಮ್ಮ ದೇಶದಲ್ಲಿ ಈ ತಂತ್ರಕ್ಕೆ ಪಾಶ್ಚಾತ್ಯ ಪುಸ್ತಕಗಳು ಹೆಚ್ಚು ಗಮನ ಕೊಡದ ಒಂದು ಕೆಲಸವಿದೆ. ಅಲ್ಲಿ ವಯಸ್ಕರೊಬ್ಬರಿಗೆ ಮೊದಲ ಬಾರಿ ಫಿಟ್ಸ್ ಬಂದು ಉಂಗುರದಂಥ ಗಂಟು ಕಂಡರೆ ಮೊದಲ ಅನುಮಾನ ಗಡ್ಡೆಯ ಮೇಲೆ. ಇಲ್ಲಿ ಟಿಬಿ ಮತ್ತು ಲಾಡಿಹುಳು ಸಾಲಿನಲ್ಲಿ ಮುಂದೆ ನಿಂತಿರುತ್ತವೆ. ಇವೆರಡೂ ಮಾತ್ರೆಯಲ್ಲಿ ವಾಸಿಯಾಗಬಲ್ಲ ಕಾಯಿಲೆಗಳು. ಟಿಬಿ ಗಂಟನ್ನು ಕ್ಯಾನ್ಸರ್ ಎಂದುಕೊಂಡು ಬುರುಡೆ ತೆರೆಯುವುದು, ಕ್ಯಾನ್ಸರನ್ನು ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಎರಡೂ ದುಬಾರಿ ತಪ್ಪುಗಳು. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ರೇಡಿಯಾಲಜಿಸ್ಟ್ ರಾಕೇಶ್ ಕುಮಾರ್ ಗುಪ್ತಾ ಮತ್ತು ಸಂಗಡಿಗರು 1990ರ ದಶಕದಿಂದಲೇ ಈ ಪ್ರಶ್ನೆಯ ಬೆನ್ನು ಹತ್ತಿದರು. ರೋಗಿಯ ಮಿದುಳಿನೊಳಗಿನ ಗಂಟನ್ನೂ, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಚೂರನ್ನೂ ಅನುರಣನದಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಟಿಬಿ ಕ್ರಿಮಿಯ ಹೊರಗವಚ ಕೊಬ್ಬಿನಂಶದಿಂದ ದಪ್ಪವಾಗಿರುತ್ತದೆ. ಗಂಟಿನ ನಡುವೆ ಮೊಸರುಗಟ್ಟಿದಂತಾದ ಸತ್ತ ಭಾಗದ ಗೆರೆಯಲ್ಲಿ ಕೊಬ್ಬಿನ ಶಿಖರವೇ ಎದ್ದು ನಿಂತಿರುತ್ತದೆ, ಉಳಿದವೆಲ್ಲ ಮಂಕು. ಕೀವಿನ ಬಾವಿನಲ್ಲಾದರೆ ಪ್ರೋಟೀನು ಒಡೆದು ಉಳಿದ ಅಮೈನೋ ಆಮ್ಲಗಳು 0.9ರಲ್ಲಿ, ಬ್ಯಾಕ್ಟೀರಿಯಾ ಬಿಟ್ಟ ಅಸಿಟೇಟ್ 1.9ರಲ್ಲಿ ಕಾಣಿಸುತ್ತವೆ. ಇವು ಗಡ್ಡೆಯಲ್ಲಿ ಇರುವುದಿಲ್ಲ. ಈ ಗುರುತು ಸಿಕ್ಕರೆ ನ್ಯೂರೋಸರ್ಜನ್‌ನ ಯೋಜನೆಯೇ ಬದಲಾಗುತ್ತದೆ.

ಆದರೆ ಸಾಕ್ಷಿ ತಡವರಿಸುವುದೂ ಇಲ್ಲಿಯೇ. ಗ್ಲಯೋಬ್ಲಾಸ್ಟೋಮಾದ ಸತ್ತ ನಡುಭಾಗದಲ್ಲಿಯೂ ಕೊಬ್ಬಿದೆ. ಇನ್ನೂ ಹಸಿಯಾಗಿರುವ ಟಿಬಿ ಗಂಟಿನಲ್ಲಿ ಉರಿಯೂತದ ಕೋಶಗಳು ತುಂಬಿ ಕೋಲೀನ್ ಏರಬಹುದು. ನರಗಳ ಹೊದಿಕೆ ಕಳಚುವ ಕಾಯಿಲೆ ದೊಡ್ಡ ಗಂಟಿನ ರೂಪದಲ್ಲಿ ಬಂದಾಗ, ಪೊರೆ ಒಡೆಯುವ ರಭಸಕ್ಕೆ ಕೋಲೀನ್ ಜಿಗಿದು ಎನ್‌ಎಎ ಕುಸಿದು ಥೇಟ್ ಗ್ಲಯೋಮಾದ ಗೆರೆಯೇ ಮೂಡುತ್ತದೆ. ಸ್ಟಿರಾಯ್ಡ್‌ನಿಂದ ಕರಗಿಹೋಗುವ ಕಾಯಿಲೆ ಅದು. ಇನ್ನೂ ವಿಚಿತ್ರವೆಂದರೆ ಮಕ್ಕಳಲ್ಲಿ ಬರುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮೊದಲ ದರ್ಜೆಯದು, ಪೂರ್ತಿ ತೆಗೆದರೆ ಮಗು ಬಹುಪಾಲು ವಾಸಿಯಾದ ಹಾಗೆಯೇ. ಅದರ ಗೆರೆಯಲ್ಲಿ ಕೋಲೀನೂ ಏರಿರುತ್ತದೆ, ಲ್ಯಾಕ್ಟೇಟೂ ಇರುತ್ತದೆ. ಗೆರೆಯೊಂದನ್ನೇ ನೋಡಿದವರು ಗಾಬರಿಯಾಗುವುದು ಖಂಡಿತ. ವರದಿಯ ಒಂದು ಸಾಲನ್ನು ಹಿಡಿದು ಹೆದರಬೇಡಿ ಎನ್ನುವುದು ಇದಕ್ಕೇ. ಅನುಭವಿ ರೇಡಿಯಾಲಜಿಸ್ಟ್ ಚಿತ್ರ, ವಯಸ್ಸು, ಜಾಗ, ಡಿಫ್ಯೂಷನ್, ರಕ್ತಸಂಚಾರದ ಸ್ಕ್ಯಾನ್ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡೇ ಗೆರೆಯನ್ನು ಓದುತ್ತಾರೆ.

ಬಯಾಪ್ಸಿ ಬೇಡವೇ ಹಾಗಾದರೆ? ಬೇಕು. ಗಡ್ಡೆಯ ಜಾತಿ, ದರ್ಜೆ ತೀರ್ಮಾನಿಸುವುದು ಇಂದಿಗೂ ಅಂಗಾಂಶವೇ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಂತೂ ಜೀನ್ ಪರೀಕ್ಷೆಯಿಲ್ಲದೆ ವಯಸ್ಕರ ಗ್ಲಯೋಮಾಗೆ ಸರಿಯಾದ ಹೆಸರಿಡುವುದೇ ಸಾಧ್ಯವಿಲ್ಲ. ಸ್ಪೆಕ್ಟ್ರೋಸ್ಕೋಪಿ ಬಯಾಪ್ಸಿಗೆ ದಾರಿ ತೋರಿಸಬಲ್ಲದು. ಗ್ಲಯೋಮಾ ಎಲ್ಲೆಡೆ ಒಂದೇ ಹದದಲ್ಲಿರುವುದಿಲ್ಲ. ಒಂದು ಮೂಲೆ ಸೌಮ್ಯ, ಇನ್ನೊಂದು ಉಗ್ರ. ಸೂಜಿ ಸೌಮ್ಯ ಮೂಲೆಗೆ ಹೋದರೆ ರೋಗಿಗೆ ಸುಳ್ಳು ಸಮಾಧಾನ. ಕೋಲೀನ್ ಅತಿ ಹೆಚ್ಚಿರುವ ಚೌಕವನ್ನು ಗುರುತಿಸಿಕೊಂಡು ಅಲ್ಲಿಗೇ ಸೂಜಿ ಇಳಿಸಿದರೆ ಆ ಅಪಾಯ ಕಡಿಮೆ. ಮಿದುಳುಕಾಂಡದಂಥ, ಸೂಜಿ ಇಳಿಸಲು ಹತ್ತು ಸಲ ಯೋಚಿಸಬೇಕಾದ ಜಾಗದಲ್ಲಿ ಗೆರೆಯ ಮಾತಿಗೆ ಬೆಲೆ ಇನ್ನೂ ಹೆಚ್ಚು.

ಚಿಕಿತ್ಸೆ ಶುರುವಾದ ಮೇಲಿನ ಕಥೆಯೇ ಬೇರೆ, ನನ್ನ ಮಟ್ಟಿಗೆ ಸ್ಪೆಕ್ಟ್ರೋಸ್ಕೋಪಿ ತನ್ನ ಅನ್ನವನ್ನು ನಿಜವಾಗಿ ದುಡಿಯುವುದು ಅಲ್ಲಿ. ಗ್ಲಯೋಬ್ಲಾಸ್ಟೋಮಾಗೆ 2005ರಿಂದ ಜಗತ್ತಿನೆಲ್ಲೆಡೆ ಒಂದೇ ಕ್ರಮ: ಸಾಧ್ಯವಾದಷ್ಟು ತೆಗೆದು, ಆರು ವಾರ ರೇಡಿಯೇಶನ್, ಜೊತೆಗೆ ಟೆಮೊಝೊಲೊಮೈಡ್ ಮಾತ್ರೆ. ಆ ವರ್ಷ ಪ್ರಕಟವಾದ 573 ರೋಗಿಗಳ ಅಧ್ಯಯನದಲ್ಲಿ ಬರೀ ರೇಡಿಯೇಶನ್ ಪಡೆದವರ ಮಧ್ಯಕ ಆಯುಸ್ಸು 12.1 ತಿಂಗಳಿದ್ದದ್ದು ಮಾತ್ರೆ ಸೇರಿದಾಗ 14.6ಕ್ಕೆ ಏರಿತು. ಎರಡೂವರೆ ತಿಂಗಳು ಎಂದರೆ ಹೊರಗಿನವರಿಗೆ ಏನೂ ಅಲ್ಲ ಅನ್ನಿಸಬಹುದು; ಎರಡು ವರ್ಷ ಬದುಕಿದವರ ಪಾಲು ಶೇ 10.4ರಿಂದ ಶೇ 26.5ಕ್ಕೆ ಹೋದದ್ದೂ ಅದೇ ಅಧ್ಯಯನದಲ್ಲಿ.

ಈ ಚಿಕಿತ್ಸೆ ಮುಗಿದು ಒಂದೆರಡು ತಿಂಗಳಿಗೆ ಮತ್ತೆ ಸ್ಕ್ಯಾನ್. ಗಂಟು ದೊಡ್ಡದಾಗಿ ಕಾಣುತ್ತದೆ, ಬಣ್ಣದ ಇಂಜೆಕ್ಷನ್‌ಗೆ ಹೆಚ್ಚು ಹೊಳೆಯುತ್ತದೆ. ಗಡ್ಡೆ ಮತ್ತೆ ಬೆಳೆಯಿತೇ? ಇರಬಹುದು. ಇಲ್ಲವೇ ಚಿಕಿತ್ಸೆಯೇ ಎಬ್ಬಿಸಿದ ಉರಿಯೂತವೂ ಇರಬಹುದು. ಹೊಳಪು ಎಂದರೆ ರಕ್ತನಾಳದ ಕಾವಲು ಸಡಿಲಾಗಿ ಬಣ್ಣ ಸೋರಿದೆ ಎಂದಷ್ಟೇ ಅರ್ಥ. ಕಾವಲು ಸಡಿಲಿಸಿದ್ದು ಕ್ಯಾನ್ಸರೋ ರೇಡಿಯೇಶನ್ನೋ ಎಂದು ಹೊಳಪಿಗೆ ಗೊತ್ತಿಲ್ಲ. ಮೊದಲ ಮೂರು ತಿಂಗಳೊಳಗಿನ ಈ ಹುಸಿ ಬೆಳವಣಿಗೆ ತಾನಾಗಿ ಇಳಿಯುತ್ತದೆ. ಇನ್ನು ಆರು ತಿಂಗಳಿಂದ ಒಂದೆರಡು ವರ್ಷಕ್ಕೆ ಬರುವ ರೇಡಿಯೇಶನ್ ನೆಕ್ರೋಸಿಸ್ ಬೇರೆಯೇ ಬಗೆ, ಅಲ್ಲಿ ಮಿದುಳಿನ ಅಂಗಾಂಶವೇ ಸತ್ತಿರುತ್ತದೆ. ತಪ್ಪು ತಿಳಿದು ಕೆಲಸ ಮಾಡುತ್ತಿರುವ ಔಷಧ ನಿಲ್ಲಿಸಿದರೆ ನಷ್ಟ. ಗಡ್ಡೆ ಬೆಳೆಯುತ್ತಿರುವಾಗ ಕಾಯುತ್ತ ಕೂತರೂ ನಷ್ಟ.

ಸತ್ತ ಅಂಗಾಂಶದಲ್ಲಿ ಪೊರೆ ಕಟ್ಟುವ ಕೆಲಸವಿಲ್ಲ. ಕೋಲೀನ್ ಇಳಿದು ಕೊಬ್ಬು, ಲ್ಯಾಕ್ಟೇಟ್ ಉಳಿದಿರುತ್ತವೆ. ಗಡ್ಡೆ ಮರಳಿದ್ದರೆ ಕೋಲೀನ್ ಮತ್ತೆ ತಲೆ ಎತ್ತಿರುತ್ತದೆ. ಹೇಳಲು ಸುಲಭ. ನಿಜದ ಗಂಟಿನಲ್ಲಿ ಎರಡೂ ಒಂದೇ ಚೌಕದೊಳಗೆ ಬೆರೆತಿರುತ್ತವೆ, ಆಗ ಗೆರೆ ಮಧ್ಯದಲ್ಲೆಲ್ಲೋ ನಿಲ್ಲುತ್ತದೆ. ಒಂದು ಸಲದ ಗೆರೆಗಿಂತ ಎರಡು ಮೂರು ತಿಂಗಳ ಅಂತರದ ಎರಡು ಗೆರೆಗಳು ಹೆಚ್ಚು ಹೇಳುವುದು ಅದಕ್ಕೇ.

ಇಲ್ಲೊಂದು ವ್ಯಾವಹಾರಿಕ ಮಾತು ಸೇರಿಸಲೇಬೇಕು. ಒಂದು ಸಲ ಒಂದು ಸೆಂಟರಿನಲ್ಲಿ, ಮುಂದಿನ ಸಲ ಐನೂರು ರೂಪಾಯಿ ಕಡಿಮೆ ಎಂದು ಇನ್ನೊಂದರಲ್ಲಿ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಚಿತ್ರಕ್ಕಾದರೆ ಅದು ಅಷ್ಟು ಬಾಧಿಸದು. ಸ್ಪೆಕ್ಟ್ರೋಸ್ಕೋಪಿಗೆ ಬಾಧಿಸುತ್ತದೆ. 1.5 ಟೆಸ್ಲಾದ ಗೆರೆಯನ್ನು 3 ಟೆಸ್ಲಾದ ಗೆರೆಗೆ, 30 ಮಿಲಿಸೆಕೆಂಡ್ ಕಾದದ್ದನ್ನು 140 ಮಿಲಿಸೆಕೆಂಡ್ ಕಾದದ್ದಕ್ಕೆ ಹೋಲಿಸಿದರೆ ಅನುಪಾತಗಳು ಸುಮ್ಮಸುಮ್ಮನೆ ಏರಿಳಿಯುತ್ತವೆ. ಚೌಕವನ್ನು ಹಿಂದಿನ ಜಾಗದಲ್ಲೇ ಇಟ್ಟರೇ ಎಂಬುದೂ ಅಷ್ಟೇ ಮುಖ್ಯ. ಚೌಕ ಎಲ್ಲಿತ್ತೆಂದು ತೋರಿಸುವ ಚಿತ್ರವಿಲ್ಲದೆ ಬರೀ ಸಂಖ್ಯೆ ಬರೆದ ವರದಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಬುರುಡೆಯ ಅಂಚಿಗೆ ಚೌಕ ತಾಗಿದ್ದರೆ ನೆತ್ತಿಯ ಚರ್ಮದ ಕೊಬ್ಬು ಗೆರೆಯೊಳಗೆ ನುಗ್ಗಿ ಗಡ್ಡೆಯ ಕೊಬ್ಬೆಂದು ಮೋಸ ಮಾಡುತ್ತದೆ. ರಕ್ತ ಕಟ್ಟಿದ ಜಾಗ, ಸುಣ್ಣಗಟ್ಟಿದ ಜಾಗ, ಹಿಂದಿನ ಶಸ್ತ್ರಚಿಕಿತ್ಸೆಯ ಲೋಹದ ಕ್ಲಿಪ್ಪು, ಮೂಗಿನ ಹಿಂದಿನ ಗಾಳಿಗೂಡುಗಳ ನೆರೆ ಇವೆಲ್ಲ ಕಾಂತಕ್ಷೇತ್ರ ಕೆಡಿಸಿ ಗೆರೆಯನ್ನು ಮಸುಕು ಮಾಡುತ್ತವೆ. ಯಂತ್ರ ತಾನೇ ಗೆರೆ ಬಿಡಿಸಿ ಸಂಖ್ಯೆ ಹಾಕಿಕೊಡುತ್ತದೆ ನಿಜ. ಗೆರೆ ನಂಬಲು ಯೋಗ್ಯವೇ ಎಂದು ಹೇಳುವ ಕಣ್ಣು ಮಾತ್ರ ಮನುಷ್ಯನದ್ದೇ ಆಗಬೇಕು.

ಗೆರೆಯ ಮಾತು ಕೇಳಿ ರೇಡಿಯೇಶನ್ನನ್ನೇ ಮಾರ್ಪಡಿಸಿದರೆ ಹೇಗೆ ಎಂಬ ಯೋಚನೆಯೂ ನಡೆದಿದೆ. ಚಿತ್ರದಲ್ಲಿ ಹೊಳೆಯದ, ಆದರೆ ಕೋಲೀನ್ ಏರಿರುವ ಭಾಗಕ್ಕೆ ಹೆಚ್ಚು ಕಿರಣ ಕೊಡುವುದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಮುಂದಾಳಾಗಿ 30 ರೋಗಿಗಳ ಮೇಲೆ ನಡೆದ ಪ್ರಾಯೋಗಿಕ ಅಧ್ಯಯನದಲ್ಲಿ 75 ಗ್ರೇವರೆಗೆ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ) ಕೊಟ್ಟು ನೋಡಿದರು. ಫಲಿತಾಂಶ ಆಶೆ ಹುಟ್ಟಿಸುವಂತಿತ್ತು. ಆದರೆ ಫ್ರಾನ್ಸಿನಲ್ಲಿ 180 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ 60 ಗ್ರೇ, ಇನ್ನೊಂದಕ್ಕೆ ಗೆರೆ ತೋರಿಸಿದ ಭಾಗಕ್ಕೆ 72 ಗ್ರೇ ಕೊಟ್ಟು ಹೋಲಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಉಗ್ರ ಭಾಗ ಎಲ್ಲಿದೆಯೆಂದು ಸರಿಯಾಗಿ ತೋರಿಸುವುದು ಬೇರೆ, ಅಲ್ಲಿಗೆ ಹೆಚ್ಚು ಕಿರಣ ಸುರಿದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎನ್ನುವುದು ಬೇರೆ. ಮೊದಲ ಮಾತು ನಿಂತಿದೆ. ಎರಡನೆಯದು ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇದಕ್ಕಿಂತ ದೊಡ್ಡ ತಿರುವು ಬಂದದ್ದು ಜೀನ್ ಕಡೆಯಿಂದ. 2008ರಲ್ಲಿ ಗ್ಲಯೋಬ್ಲಾಸ್ಟೋಮಾಗಳ ಜೀನ್‌ಗಳನ್ನು ಜಾಲಾಡಿದ ಅಮೆರಿಕದ ಸಂಶೋಧಕರಿಗೆ ಯಾರೂ ನಿರೀಕ್ಷಿಸದ ಒಂದು ಜೀನಿನಲ್ಲಿ ದೋಷ ಕಂಡಿತು. ಹೆಸರು ಐಡಿಎಚ್1, ಕೋಶದ ದಿನನಿತ್ಯದ ಚಯಾಪಚಯದ ಕಿಣ್ವವೊಂದರ ಜೀನ್. ನಿಧಾನವಾಗಿ ಬೆಳೆಯುವ ಗ್ಲಯೋಮಾಗಳಲ್ಲಿ, ಮುಖ್ಯವಾಗಿ ಯುವ ವಯಸ್ಕರಲ್ಲಿ, ಈ ದೋಷ ಬಹಳ ಸಾಮಾನ್ಯವೆಂದು ಮುಂದಿನ ವರ್ಷವೇ ತಿಳಿಯಿತು. ದೋಷವಿರುವವರು ಇಲ್ಲದವರಿಗಿಂತ ಎಷ್ಟೋ ಹೆಚ್ಚು ಕಾಲ ಬದುಕುತ್ತಾರೆ. 2009ರ ಕೊನೆಯಲ್ಲಿ ಬಂದ ಇನ್ನೊಂದು ಪ್ರಬಂಧ, ಈ ಕೆಟ್ಟ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್, ಚಿಕ್ಕದಾಗಿ 2ಎಚ್‌ಜಿ, ಎಂಬ ವಸ್ತುವನ್ನು ರಾಶಿ ಹಾಕುತ್ತದೆಂದು ತೋರಿಸಿತು. ಆರೋಗ್ಯವಂತ ಮಿದುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸ್ಪೆಕ್ಟ್ರೋಸ್ಕೋಪಿಯವರ ಕಿವಿ ನೆಟ್ಟಗಾಯಿತು. ಕೋಲೀನ್, ಲ್ಯಾಕ್ಟೇಟ್, ಕೊಬ್ಬು ಎಲ್ಲವೂ ಹತ್ತು ಕಾಯಿಲೆಗಳಲ್ಲಿ ಏರಿಳಿಯುವಂಥವು. ಒಂದೇ ಒಂದು ಜೀನ್ ದೋಷ ತಯಾರಿಸುವ, ಬೇರೆಲ್ಲೂ ಈ ಪ್ರಮಾಣದಲ್ಲಿ ಸಿಗದ ವಸ್ತು ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಸುಲಭವೇನೂ ಇರಲಿಲ್ಲ. 2ಎಚ್‌ಜಿಯ ಮುಖ್ಯ ಸಂಜ್ಞೆ 2.25ರ ಆಸುಪಾಸು. ಅಲ್ಲೇ ಗ್ಲುಟಮೇಟ್, ಗ್ಲುಟಮೈನ್, ಗಾಬಾ ಎಲ್ಲ ಒತ್ತಾಗಿ ಕೂತಿವೆ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಚಾಂಗೊ ಚೊಯ್ ಅವರ ತಂಡ ಕಾಯುವ ಸಮಯವನ್ನು 97 ಮಿಲಿಸೆಕೆಂಡಿಗೆ ಹೊಂದಿಸಿದರೆ 2ಎಚ್‌ಜಿ ಆ ಗುಂಪಿನಿಂದ ಬೇರೆಯಾಗಿ ಮೊನೆಯಾಗುತ್ತದೆಂದು ಲೆಕ್ಕ ಹಾಕಿ, 3 ಟೆಸ್ಲಾ ಯಂತ್ರದಲ್ಲಿ ರೋಗಿಗಳಲ್ಲಿ ಅಳೆದು 2012ರಲ್ಲಿ ಪ್ರಕಟಿಸಿತು. ಅದೇ ವರ್ಷ ಬಾಸ್ಟನ್‌ನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ಒವಿಡಿಯು ಆಂಡ್ರೊನೆಸಿ ತಂಡವೂ ಬೇರೆ ದಾರಿಯಿಂದ ಅಲ್ಲಿಗೇ ತಲುಪಿತು. ಬುರುಡೆ ತೆರೆಯದೆ ಗಡ್ಡೆಯ ಜೀನ್ ದೋಷವೊಂದನ್ನು ಓದಿದ್ದು ಅದು. ಗಡ್ಡೆ ಚಿಕ್ಕದಾದರೆ ಇಲ್ಲವೇ ಚೌಕದೊಳಗೆ ಆರೋಗ್ಯವಂತ ಅಂಗಾಂಶ ಹೆಚ್ಚು ಬೆರೆತರೆ ಇದು ತಪ್ಪಿಹೋಗುತ್ತದೆ. ಹಾಗಾಗಿ 2ಎಚ್‌ಜಿ ಕಾಣದಿದ್ದ ಮಾತ್ರಕ್ಕೆ ದೋಷವಿಲ್ಲ ಎನ್ನಲಾಗದು.

ಅಂಗಾಂಶದ ಚೂರು ಕೈಯಲ್ಲಿದ್ದರೆ ಐಡಿಎಚ್1ರ ಅತಿ ಸಾಮಾನ್ಯ ದೋಷವನ್ನು ಪ್ರಯೋಗಾಲಯದಲ್ಲಿ ಒಂದು ಪ್ರತಿಕಾಯದ ಬಣ್ಣದಿಂದ ಕಡಿಮೆ ಖರ್ಚಿನಲ್ಲೇ ಕಂಡುಹಿಡಿಯಬಹುದು. ನಮ್ಮಲ್ಲಿ ವಾಡಿಕೆಯಲ್ಲಿರುವುದೂ ಅದೇ. ಹಾಗಾದರೆ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು 2ಎಚ್‌ಜಿ ಅಳೆಯುವುದೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಉತ್ತರ ಔಷಧದಲ್ಲಿದೆ. ಆ ಕೆಟ್ಟ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಯನ್ನು, ಶಸ್ತ್ರಚಿಕಿತ್ಸೆಯಷ್ಟೇ ಆಗಿದ್ದ 331 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ರೋಗ ಮುಂದುವರಿಯದೆ ಕಳೆದ ಅವಧಿ ಹುಸಿ ಮಾತ್ರೆಯವರಲ್ಲಿ 11.1 ತಿಂಗಳು, ಔಷಧ ತೆಗೆದುಕೊಂಡವರಲ್ಲಿ 27.7 ತಿಂಗಳು. 2024ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂಥ ಗಡ್ಡೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಚಿತ್ರ ನೋಡಿ ಹೇಳಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಬೇಕು. ಇದೇ ಬಗೆಯ ಇನ್ನೊಂದು ಪ್ರಾಯೋಗಿಕ ಔಷಧವನ್ನು ಕೊಟ್ಟು ಆಂಡ್ರೊನೆಸಿ ತಂಡ 2018ರಲ್ಲಿ ವರದಿ ಮಾಡಿದ ಪ್ರಕಾರ, ಗಡ್ಡೆಯ ಗಾತ್ರ ಬದಲಾಗುವುದಕ್ಕೆ ಎಷ್ಟೋ ಮೊದಲೇ, ಮಾತ್ರೆ ಶುರುವಾದ ಒಂದು ವಾರದಲ್ಲೇ, ಕ್ರಿಯಾಟಿನ್‌ಗೆ ಹೋಲಿಸಿದ 2ಎಚ್‌ಜಿ ಶಿಖರ ಸುಮಾರು ಶೇ 70ರಷ್ಟು ಇಳಿದಿತ್ತು.